ಸರಿಹೋದ ಗಿಟಾರು

ಎಪ್ಪತ್ತರ ದಶಕದಲ್ಲಿ ಸಾಂತಾಕ್ರೂಜ್‌ನ ಹೋಟೆಲೊಂದರಲ್ಲಿ ಸಂಜೆ ಗಿಟಾರ್ ಬಾರಿಸುತ್ತಿದ್ದೆ. ನಾದ ದೊಡ್ಡ ಹಾಲ್‌ನಲ್ಲಿ ಕೇಳಿದಂತೆ ಗುಂಯ್‌ಗುಡಲೆಂದು ಗೆಳೆಯನ ರಿವರ್ಬ್ ಪೆಡಲ್ ತಂದು ಜೋಡಿಸಿದೆ. ಕಾಲಲ್ಲಿ ಒತ್ತಿದರೆ ನಾದವೇನೋ ಗುಂಯ್ ಎಂದಿತು, ಸದ್ದು ಮಾತ್ರ ಅರ್ಧಕ್ಕಿಳಿಯಿತು. ಗಿರಾಕಿಗಳ ಚಮಚಗಳೇ ನನಗಿಂತ ಜೋರಾಗಿದ್ದವು. ಕೆಲಸ ಹೋಯಿತೆಂದೇ ಹೆದರಿದೆ.

ಮರುದಿನ ಮಧ್ಯಾಹ್ನವೇ ಹೋಗಿ, ಪೆಡಲಿನ ಗುಂಡಿ ತಿರುಗಿಸಿ ತಿರುಗಿಸಿ, ಒತ್ತಿದರೂ ಸದ್ದು ಇಳಿಯದಂತೆ ಮಾಡಿದೆ. ಸಂಜೆ ಮೊದಲ ಹಾಡಿಗೇ ಧಾರವಾಡ ಕಡೆಯ ಮ್ಯಾನೇಜರ್ ಓಡಿಬಂದರು.

“ನಿನ್ನೆ ಎಷ್ಟ್ ಛಲೋ ಬಾರಿಸಿದ್ರಿ! ಗಿರಾಕಿಗಳೆಲ್ಲ ಹೊಗಳಿ ಹೋದ್ರು. ಇವತ್ತ ಏನಾತ್ರಿ?”

“ನಿನ್ನೆ ಸದ್ದು ಕೆಟ್ಟಿತ್ರಿ. ಸರಿ ಮಾಡೀನಿ.”

“ಮತ್ತ ಕೆಡಸ್ರಿ ಅದನ್ನ!”

ಕೆಡಿಸಿದೆ. ಆಮೇಲೆ ಅಲ್ಲಿ ವರ್ಷಗಟ್ಟಲೆ ಬಾರಿಸಿದೆ. ನನ್ನ ಗಿಟಾರು ಯಾರಿಗಾದರೂ ಕೇಳಿಸಿತೋ ಇಲ್ಲವೋ, ಮೆಚ್ಚದವರಂತೂ ಒಬ್ಬರೂ ಸಿಗಲಿಲ್ಲ.