ಒಂದು ಕಾರು, ಮೂರು ಜೋಡಿ ಕಣ್ಣು

ಅಪ್ಪನಿಗೆ ಎಪ್ಪತ್ತೆಂಟು ತುಂಬಿದ ವರ್ಷ ಅವರ ಡ್ರೈವಿಂಗ್ ಲೈಸೆನ್ಸಿನ ಅವಧಿಯೂ ಮುಗಿಯುತ್ತ ಬಂದಿತ್ತು. ಅದನ್ನು ನವೀಕರಿಸಲು ವೈದ್ಯರ ಪ್ರಮಾಣಪತ್ರ ಬೇಕು. ಡೊಂಬಿವಲಿಯ ನಮ್ಮ ಬೀದಿಯಲ್ಲೇ ಒಬ್ಬ ಡಾಕ್ಟರರ ದವಾಖಾನೆಯಿದೆ. ಅಪ್ಪನ ಹೋಟೆಲು ನಡೆಯುತ್ತಿದ್ದ ಕಾಲದಲ್ಲಿ ಆ ಡಾಕ್ಟರರು ಬೆಳಗಿನ ಇಡ್ಲಿಗೆ ತಪ್ಪದೆ ಬರುತ್ತಿದ್ದವರು. ಅಪ್ಪ ಫಾರ್ಮು ಹಿಡಿದು ಒಳಗೆ ಹೋದರು. ನಾನೂ ಬೆನ್ನಿಗೆ ಹೋದೆ.

“ಕಣ್ಣು ಕಾಣ್ತದಲ್ಲ ಅಣ್ಣ?” ಎಂದು ಡಾಕ್ಟರರು ಕೇಳಿದರು.

“ನೀವು ಕಾಣ್ತಾ ಇದ್ದೀರಲ್ಲ, ಮತ್ತೆಂತ?”

“ಕಿವಿ?”

“ನೀವು ಕೇಳಿದ್ದಕ್ಕೆ ಈಗ ಉತ್ತರ ಕೊಟ್ಟದ್ದು ಯಾರು ಹಾಗಾದ್ರೆ?”

ಇಬ್ಬರೂ ನಕ್ಕರು. ಪರೀಕ್ಷೆ ಅಲ್ಲಿಗೆ ಮುಗಿದಿತ್ತು. ಡಾಕ್ಟರರು ಪೆನ್ನು ತೆಗೆಯುವಷ್ಟರಲ್ಲಿ ನಾನು ಫಾರ್ಮಿನ ಮೇಲೆ ಕೈ ಇಟ್ಟು, ಗೋಡೆಗೆ ಅಕ್ಷರದ ಚಾರ್ಟು ತೂಗುಹಾಕಿ ಕಣ್ಣು ಸರಿಯಾಗಿ ನೋಡಬೇಕೆಂದು ಕೇಳಿಕೊಂಡೆ. ಅಪ್ಪನ ಮುಖ ಕೆಂಪಾಯಿತು. “ಇವಳು ಕಾಲೇಜಿನಲ್ಲಿ ಚರ್ಚೆಯಲ್ಲಿ ಕಪ್ ಗೆದ್ದವಳು ಡಾಕ್ಟ್ರೇ. ಮೂವತ್ತು ವರ್ಷ ಆಯ್ತು, ಇನ್ನೂ ವೇದಿಕೆಯಿಂದ ಇಳಿಯಲಿಲ್ಲ. ಇವಳು ಆಫೀಸಿಗೆ ಹೋದಾಗ ಬರ್ತೇನೆ,” ಎಂದು ಫಾರ್ಮು ಕಿತ್ತುಕೊಂಡು ಹೊರಟರು.

ಇದರ ಹಿಂದಿನ ತಿಂಗಳಷ್ಟೇ ಠಾಣೆ ಊರಿನ ಒಂದು ಕನ್ನಡ ಸಂಘದಲ್ಲಿ ನಾನು ಇದೇ ವಿಷಯದ ಮೇಲೆ ಮಾತಾಡಿದ್ದೆ. ವೃದ್ಧಾಪ್ಯ ಅಪರಾಧವಲ್ಲ, ಆದರೆ ರಸ್ತೆ ಎಲ್ಲರದು. ಕೈಗೆ, ಕಾಲಿಗೆ, ಕಣ್ಣಿಗೆ ಆಗದು ಎಂದು ತಿಳಿದ ದಿನ ಲೈಸೆನ್ಸನ್ನು ತಾವಾಗಿ ಒಪ್ಪಿಸುವುದು ಸೋಲಲ್ಲ, ನಾಗರಿಕನೊಬ್ಬ ಸಮಾಜಕ್ಕೆ ಸಲ್ಲಿಸುವ ಕೊನೆಯ ದೊಡ್ಡ ಸೇವೆ ಎಂದೆ. ಮುಂದಿನ ಸಾಲುಗಳಲ್ಲಿದ್ದ ಹಿರಿಯರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಆಮೇಲೆ ಒಬ್ಬೊಬ್ಬರಾಗಿ ಕೆಳಗಿಳಿದು, ತಮ್ಮ ತಮ್ಮ ಕಾರು ಹತ್ತಿ, ಸ್ಟಾರ್ಟ್ ಮಾಡಿ ಹೋದರು. ಅವರಲ್ಲಿ ಅಪ್ಪನೂ ಒಬ್ಬರು. ಅವರ ಪಕ್ಕದಲ್ಲಿ ನಾನೇ ಕುಳಿತಿದ್ದೆ.

ಮನೆಯಲ್ಲಿ ವಾದ ವಾರಗಟ್ಟಲೆ ನಡೆಯಿತು. ನಾನು ಮಂಡಿಸಿದ ಪ್ರತಿಯೊಂದು ಕಾರಣಕ್ಕೂ ಅಪ್ಪನದು ಒಂದೇ ಉತ್ತರ: ಹೋಟೆಲಿಗೆ ತರಕಾರಿ ತರಲು ಅವರು ನಲವತ್ತು ವರ್ಷ ನಸುಕಿನಲ್ಲೆದ್ದು ವಾಶಿಯ ಮಾರ್ಕೆಟ್ಟಿಗೆ ಗಾಡಿ ಓಡಿಸಿದ್ದಾರೆ. “ಒಂದು ಗೀರು ಬಿದ್ದದ್ದುಂಟಾ ಕೇಳು!”

ಕೈಹಿಡಿದು ಕೆಳಗೆ ಕರೆದೊಯ್ದು ತೋರಿಸಿದೆ. ಕಾರಿನ ಎಡಮೈಯಲ್ಲಿ ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿನವರೆಗೆ ಒಂದೇ ಉದ್ದನೆಯ ಗೀರಿತ್ತು.

“ಅದು ಕಂಬದ್ದು.”

“ಕಂಬ ನಡೆದು ಬಂತೇ ಅಪ್ಪಾ?”

“ಆ ಕಂಬ ಮೊದಲು ಅಲ್ಲಿ ಇರ್ಲಿಲ್ಲ ಮಾರಾಯ್ತಿ. ಹೊಸ ಕಂಬ.”

ಅಮ್ಮ ಈ ವಾದಗಳಲ್ಲಿ ಯಾರ ಪಕ್ಷವನ್ನೂ ವಹಿಸುತ್ತಿರಲಿಲ್ಲ; “ಮತ್ತೆ ಶನಿವಾರ ಹೇಗೆ?” ಎಂದಷ್ಟೇ ಕೇಳುತ್ತಿದ್ದರು. ಪ್ರತಿ ಶನಿವಾರ ಮಧ್ಯಾಹ್ನ ಸಾನಪಾಡಾದಲ್ಲಿ ಒಂದು ಭಜನೆ ನಡೆಯುತ್ತದೆ. ಅಪ್ಪ, ಅಮ್ಮ, ಜೊತೆಗೆ ಅಪ್ಪನ ಗೆಳೆಯರೊಬ್ಬರು ಅಲ್ಲಿಗೆ ಹೋಗುತ್ತಾರೆ. ಗೆಳೆಯರು ವಿಜಯಪುರದ ಕಡೆಯವರು, ಮಹಾಪೆಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ವಾರದ ಉಳಿದ ಆರು ದಿನವೂ ಈ ಮೂವರ ಮಾತು ಶನಿವಾರದ ಸುತ್ತಲೇ ಸುತ್ತುತ್ತದೆ.

ಕೊನೆಗೆ ಅಪ್ಪನೇ ಸವಾಲು ಹಾಕಿದರು. “ಭಾಷಣ ಸಾಕು. ಈ ಶನಿವಾರ ಬಂದು ಹಿಂದೆ ಕೂತ್ಕೊ. ನಾನು ಗಾಡಿ ಬಿಡುವುದು ಸರಿ ಇಲ್ಲ ಅಂತ ಕಂಡ್ರೆ ಆಮೇಲೆ ಹೇಳು.” ಸಾಕ್ಷ್ಯವನ್ನು ನೋಡಲು ನಿರಾಕರಿಸುವವರಿಗೆ ವಾದಿಸುವ ಹಕ್ಕಿಲ್ಲ. ಒಪ್ಪಿದೆ.

ಗೆಳೆಯರು ಮುಂದೆ ಅಪ್ಪನ ಪಕ್ಕದಲ್ಲಿ ಕುಳಿತರು. ಅಮ್ಮ ಹಿಂದೆ ಎಡಗಡೆಯ ಕಿಟಕಿಗೆ, ನಾನು ಬಲಗಡೆಗೆ. ನಾನು ಮೊದಲು ಬಲಗಡೆ ಕುಳಿತವಳಲ್ಲ. ಅಮ್ಮನೇ, “ಆಚೆ ಹೋಗು, ಇದು ನನ್ನ ಜಾಗ,” ಎಂದು ಎಬ್ಬಿಸಿದರು. ಅದೇಕೆಂದು ಗೇಟು ದಾಟುವಷ್ಟರಲ್ಲಿ ತಿಳಿಯಿತು.

“ಎಡಗಡೆ ರಿಕ್ಷಾ ಉಂಟು, ನಿಲ್ಲಿ. ಹ್ಞಾಂ, ಹೋಯ್ತು. ಈಗ ಬಿಡಿ,” ಎಂದರು ಅಮ್ಮ.

“ಮುಂದ ಸಿಗ್ನಲ್ ಕೆಂಪ ಐತ್ರಿ ಅಣ್ಣಾರ. ಹಗೂರಕ… ಹಗೂರಕ… ಹಾಂ, ಹಸರ ಆತು, ನಡೀರಿ,” ಎಂದರು ಗೆಳೆಯರು.

ಮೊದಲು ಇದನ್ನು ಮುದುಕರ ಚಡಪಡಿಕೆ ಎಂದುಕೊಂಡೆ. ಕಲ್ಯಾಣ್–ಶೀಳ್ ರಸ್ತೆಗೆ ಬಂದ ಮೇಲೂ ಅದು ನಿಲ್ಲಲಿಲ್ಲ. ಅವರು ಹೇಳುವವರೆಗೆ ಅಪ್ಪ ವೇಗ ತಗ್ಗಿಸುತ್ತಿರಲಿಲ್ಲ. ಅವರು ಹೇಳಿದ ಮರುಕ್ಷಣವೇ ತಗ್ಗಿಸುತ್ತಿದ್ದರು. ನಾನು ಮುಂದಿನ ಸೀಟಿನತ್ತ ಬಾಗಿದೆ.

“ಅಪ್ಪಾ, ನಿಮಗೆ ಸಿಗ್ನಲ್ ಕಾಣುವುದಿಲ್ಲವೇ?”

“ಕಾಣ್ತದೆ. ಹತ್ತಿರ ಬಂದ ಮೇಲೆ ಚಂದ ಕಾಣ್ತದೆ.”

“ದೂರದ್ದು ನಾ ನೋಡ್ತೀನಲ್ಲ ತಂಗೀ,” ಎಂದರು ಗೆಳೆಯರು. “ನಂದು ಎರಡೂ ಕಣ್ಣಿನ ಪೊರಿ ತಗಸೇನಿ. ಒಂದ ಮೈಲ ದೂರದ್ದು ಕಾಣ್ತೈತಿ. ವಿಮಾನಕ್ಕ ಇಬ್ಬರು ಪೈಲಟ್ ಇರಂಗಿಲ್ಲೇನ?”

“ಎಡಗಡೆ ನಾನು,” ಎಂದರು ಅಮ್ಮ, ಮನೆಗೆಲಸದ ಪಾಲು ಹೇಳುವ ಧಾಟಿಯಲ್ಲಿ. “ಎರಡು ವರ್ಷ ಆಯ್ತು. ಆ ಕಂಬದ ದಿನ ನಾನು ಬಂದಿರ್ಲಿಲ್ಲ.”

ಸರ್ಕಾರ ಒಬ್ಬ ಮನುಷ್ಯನಿಗೆ ಕೊಟ್ಟ ಅನುಮತಿಯನ್ನು ಮೂವರು ಒಟ್ಟು ಕುಟುಂಬದ ಆಸ್ತಿಯಂತೆ ಹಂಚಿಕೊಂಡಿದ್ದರು. ಒಬ್ಬರ ಕೈಕಾಲು, ಇನ್ನೊಬ್ಬರ ದೂರದ ನೋಟ, ಮತ್ತೊಬ್ಬರ ಎಡಬದಿ. ಇದನ್ನು ಮುಚ್ಚಿಡಬೇಕೆಂಬ ಅಳುಕೂ ಅವರಲ್ಲಿರಲಿಲ್ಲ. ಬದಲಿಗೆ, ಇಷ್ಟು ಒಳ್ಳೆಯ ವ್ಯವಸ್ಥೆ ಸಂಘದ ಉಳಿದವರಿಗೆ ಹೊಳೆದಿಲ್ಲವಲ್ಲ ಎಂಬ ಹೆಮ್ಮೆಯಿತ್ತು.

ಶೀಳ್ ಫಾಟಾದ ಕೂಡುರಸ್ತೆ ದಾಟಿದ ಮೇಲೆ ಅಮ್ಮ ಚೀಲದಿಂದ ತಾಳ ತೆಗೆದರು. ಅಂದಿನ ಭಜನೆಯ ಅಭ್ಯಾಸ ದಾರಿಯಲ್ಲೇ ಆಗಬೇಕು, ಅದು ಅವರ ರೂಢಿ. ಅಪ್ಪ ಪಲ್ಲವಿ ಎತ್ತಿಕೊಟ್ಟರು, ಅಮ್ಮ ಅದನ್ನು ಹಿಡಿದರು. ಮಹಾಪೆಯ ತಿರುವು ಹತ್ತಿರವಾಗುತ್ತಿದ್ದಾಗ ನುಡಿ ಗೆಳೆಯರ ಪಾಲಿಗೆ ಬಂತು. ಅವರ ಕಂಠ ನಿಜಕ್ಕೂ ದೊಡ್ಡದು. ಆದರೆ ಹಾಡುವಾಗ ಅವರು ಕಣ್ಣು ಮುಚ್ಚುತ್ತಾರೆ. ಅಮ್ಮನ ನೋಟ ತಾಳದ ಮೇಲಿತ್ತು. ತಲೆಯ ಮೇಲೆ ಮರಳಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಎಡಬದಿಯಿಂದ ರಸ್ತೆಗಿಳಿದದ್ದನ್ನು ಕಂಡವಳು ನಾನೊಬ್ಬಳೇ.

ನಾನು ಕಿರುಚಿದೆ. ಅಪ್ಪ ಬ್ರೇಕು ಒತ್ತಿದರು. ಕಾರು ಅವಳಿಗೆ ಗೇಣುದ್ದ ದೂರದಲ್ಲಿ ನಿಂತಿತು. ಬುಟ್ಟಿ ಬಿದ್ದು ಮರಳು ಬಾನೆಟ್ಟಿನ ಮೇಲೆಲ್ಲ ಚೆಲ್ಲಿತು.

“ಅಂಧಾ ಹೈ ಕ್ಯಾ?” ಎಂದು ಅವಳು ಬಾನೆಟ್ಟಿಗೆ ಗುದ್ದಿದಳು. ಸಿಟ್ಟು ಏರಿದಂತೆ ಹಿಂದಿ ಜಾರಿ ಅವಳ ಸ್ವಂತ ಮಾತು ಹೊರಬಂತು: “ಏ ಮುದಕಪ್ಪಾ, ಕಣ್ಣ ಮನ್ಯಾಗ ಇಟ್ಟ ಬಂದೀ ಏನ?”

ಗೆಳೆಯರು ಕಣ್ಣು ತೆರೆದರು. ಅವರ ಮುಖ ಅರಳಿತು. ಕಿಟಕಿ ಇಳಿಸಿ, “ಯಾವೂರಾಕೀ ಯವ್ವಾ ನೀ?” ಎಂದು ಕೇಳಿಯೇಬಿಟ್ಟರು. ನನಗೆ ಹಣೆ ಚಚ್ಚಿಕೊಳ್ಳುವಂತಾಯಿತು.

“ಜೇವರ್ಗಿ ಕಡಿಯಾಕಿ. ಊರ ಕೇಳಿ ಏನ ಮಾಡ್ತಿ? ಹೆಣಾ ಕಳಸಾಕ ವಿಳಾಸ ಬೇಕೇನ?”

ಅಪ್ಪ ಕೆಳಗಿಳಿದರು. ಕೈಮುಗಿದು, ತಪ್ಪಾಯಿತು ಎಂದರು. ಅವಳು ಚೆಲ್ಲಿದ ಮರಳನ್ನು ಬುಟ್ಟಿಗೆ ಬಾಚುತ್ತಿದ್ದುದು ಕಂಡು, “ಕಾರಿನಲ್ಲಿ ಕೂತ್ಕೊಳ್ಳಮ್ಮ. ಎಲ್ಲಿಗೆ ಹೋಗ್ಬೇಕೋ ಅಲ್ಲಿಗೆ ಬಿಡ್ತೇನೆ,” ಎಂದರು.

ಅವಳು ಕಾರನ್ನು ನೋಡಿದಳು, ಅಪ್ಪನನ್ನು ನೋಡಿದಳು. “ಇದರಾಗ? ಬ್ಯಾಡಪ್ಪಾ. ನನಗ ಸಣ್ಣ ಮಕ್ಕಳದಾವ,” ಎಂದು ಬುಟ್ಟಿ ಎತ್ತಿಕೊಂಡು ನಡೆದಳು.

ಊರಿನಿಂದ ಬಂದ ನೆಂಟರು, ಹೆರಿಗೆಗೆ ಹೊರಟ ನೆರೆಮನೆಯವರು, ಮಾರ್ಕೆಟ್ಟಿನ ಗೆಳೆಯರು, ಎಲ್ಲರನ್ನೂ ಅಪ್ಪ ಕರೆದು ಹತ್ತಿಸಿಕೊಂಡವರು. ಅವರು ಬಾಗಿಲು ತೆರೆದು ಹಿಡಿದಾಗ ಒಲ್ಲೆ ಎಂದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸಾನಪಾಡಾದವರೆಗೆ ಅವರು ಕಾರನ್ನು ಎತ್ತಿನ ಬಂಡಿಯ ವೇಗದಲ್ಲಿ ನಡೆಸಿದರು. ಗೆಳೆಯರು, ಇನ್ನು ಮುಂದೆ ಅಭ್ಯಾಸ ಮನೆಯಲ್ಲೇ ಮಾಡೋಣ, ಕಾರಿನಲ್ಲಿ ಹಾಡು ಬಂದ್ ಎಂದು ಸೂಚಿಸಿದರು. ಅಮ್ಮ ಅದನ್ನು ಅನುಮೋದಿಸಿದರು! ಒಂದು ಜೀವ ಗೇಣುದ್ದದಲ್ಲಿ ಉಳಿದ ಮೇಲೂ ಇವರಿಗೆ ಕಂಡ ಸುಧಾರಣೆ ಇಷ್ಟೇ.

ಕಾರು ನಿಲ್ಲಿಸಿದ ಅಪ್ಪ ಕೀಲಿಯನ್ನು ನನ್ನ ಮುಂದೆ ಹಿಡಿದರು. “ವಾಪಸು ನೀನು ತೆಗೊಂಡು ಹೋಗು.”

“ನನಗೆ ಬಿಡಲು ಬರುವುದಿಲ್ಲವಲ್ಲ ಅಪ್ಪಾ.”

“ಭಾಷಣಕ್ಕ ಲೈಸೆನ್ಸ್ ಬೇಕಾಗಂಗಿಲ್ಲ ಬಿಡ್ರಿ ಅಣ್ಣಾರ,” ಎಂದರು ಗೆಳೆಯರು. ಇಷ್ಟು ವರ್ಷ ನಾನು ರೈಲಿನಲ್ಲೂ ಆಫೀಸಿನ ಬಸ್ಸಿನಲ್ಲೂ ಓಡಾಡಿದವಳು; ಕಲಿಯುವ ಗೋಜಿಗೇ ಹೋಗಿರಲಿಲ್ಲ.

ಭಜನೆ ಮುಗಿದ ಮೇಲೆ ಕಾರನ್ನು ಅಲ್ಲೇ ಬಿಟ್ಟು ರೈಲು ಹತ್ತಿದೆವು. ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಬೇಕು. ಸೇತುವೆಯ ಮೆಟ್ಟಿಲುಗಳನ್ನು ಅಮ್ಮ ಅಡ್ಡವಾಗಿ ತಿರುಗಿ, ಎರಡೂ ಕೈಯಲ್ಲಿ ಕಂಬಿ ಹಿಡಿದು, ಒಂದೊಂದಾಗಿ ಇಳಿದರು. ಸಂಜೆಯ ಜನ ನಮ್ಮನ್ನು ಸವರಿಕೊಂಡು ಹರಿಯುತ್ತಿತ್ತು. ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತ, “ನಿನ್ನ ಭಾಷಣದಲ್ಲಿ ಈ ಮೆಟ್ಟಿಲು ಇತ್ತಾ ಮಗಳೇ?” ಎಂದು ಕೇಳಿದರು. ಇರಲಿಲ್ಲ. ಲೈಸೆನ್ಸ್ ಒಪ್ಪಿಸಿ ಎಂದು ಹೇಳಿದ ನಾನು, ಒಪ್ಪಿಸಿದ ಮರುದಿನ ಅವರು ಹೇಗೆ ಓಡಾಡಬೇಕೆಂಬ ಒಂದು ವಾಕ್ಯವನ್ನೂ ಬರೆದಿರಲಿಲ್ಲ. ನನ್ನ ಮೇಲೆಯೇ ನನಗೆ ರೇಗಿತು. ಆದರೂ ಆ ಹೆಂಗಸಿನ ಜೀವವನ್ನು ಈ ಮೆಟ್ಟಿಲುಗಳ ಜೊತೆ ತಕ್ಕಡಿಗೆ ಹಾಕಲು ನನ್ನಿಂದಾಗಲಿಲ್ಲ, ಇಂದಿಗೂ ಆಗುವುದಿಲ್ಲ.

ಮರುದಿನ ಪರಿಚಯದ ಡ್ರೈವರೊಬ್ಬರು ಕಾರನ್ನು ತಂದು ನಿಲ್ಲಿಸಿದರು. ಸೋಮವಾರ ಅಪ್ಪ ಫಾರ್ಮು ಹಿಡಿದು, ಈ ಸಲ ನನ್ನನ್ನು ತಾವೇ ಕರೆದುಕೊಂಡು, ದವಾಖಾನೆಗೆ ಹೋದರು.

“ಚಾರ್ಟು ಹಾಕಿ ಡಾಕ್ಟ್ರೇ.”

“ನನ್ನ ಮೇಲೆ ನಂಬಿಕೆ ಇಲ್ವಾ ಅಣ್ಣ? ಕೊಡಿ, ಸೈನ್ ಮಾಡ್ತೇನೆ.”

“ನಿಮ್ಮ ಮೇಲೆ ಉಂಟು. ನನ್ನ ಮೇಲೆ ಇಲ್ಲ.”

ಚಾರ್ಟನ್ನು ಕಪಾಟಿನ ಹಿಂದಿನಿಂದ ಹುಡುಕಿ ತೆಗೆಯಬೇಕಾಯಿತು. ಬಲಗಣ್ಣು ನಾಲ್ಕು ಸಾಲು ಓದಿತು. ಎಡಗಣ್ಣು ಎರಡನೆಯ ಸಾಲಿನ ಮೊದಲ ಅಕ್ಷರಕ್ಕೆ ನಿಂತಿತು. ಅಪ್ಪ ಇನ್ನೂ ಎರಡು ಅಕ್ಷರ ಹೇಳಿ, “ಇದು ಕಂಡದ್ದಲ್ಲ, ಅಂದಾಜಿನ ಮೇಲೆ ಹೇಳಿದ್ದು,” ಎಂದು ತಾವಾಗಿ ಒಪ್ಪಿಕೊಂಡರು. ಅಷ್ಟಾದ ಮೇಲೂ ಡಾಕ್ಟರರು ಪೆನ್ನು ತೆಗೆದು, “ಒಂದು ಕಣ್ಣು ಸರಿ ಉಂಟಲ್ಲ, ಸಾಕು,” ಎಂದಾಗ ನಾನು ಎದ್ದುನಿಂತೆ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. “ಆ ಹೆಂಗಸು ಹತ್ತಲಿಲ್ಲ ಡಾಕ್ಟ್ರೇ,” ಎಂದರು. ಡಾಕ್ಟರರಿಗೆ ಅರ್ಥವಾಗಲಿಲ್ಲ.

ಮನೆಗೆ ಬರುವಷ್ಟರಲ್ಲಿ ಗೆಳೆಯರ ಫೋನು ಬಂತು. ಬರುವ ಶನಿವಾರದ್ದೇನು ಎಂದು ಕೇಳುತ್ತಿದ್ದರು. ಅಪ್ಪ ಫೋನನ್ನು ನನ್ನ ಕೈಗಿಟ್ಟು, “ಇನ್ನು ಶನಿವಾರದ ಮಾತು ಇವಳ ಹತ್ತಿರ,” ಎಂದು ಒಳಗೆ ಹೋದರು.

ರೈಲಿನಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಅವರ ಮೊಣಕಾಲಿಗೆ ಮೆಟ್ಟಿಲು ಆದೀತೇ ಎಂದು ಮೊದಲ ಬಾರಿಗೆ ಕೇಳಿದೆ.

“ಏರೂದು ಹೆಂಗರ ಆಗ್ತೈತಿ ತಂಗೀ,” ಎಂದರು ಅವರು. “ಇಳಿಯೂದು ಆಗಂಗಿಲ್ಲ. ಇಳಿಯುವಾಗ ಕೈ ಹಿಡೀಬೇಕ ನೋಡು ನೀ.”