ದಹಿಸರಿನಾಚೆ ಸೀತನಿ ಹುಡುಕಿ

ಆಂಟಾಪ್ ಹಿಲ್‌ನಿಂದ ನಾವು ಹೊರಟದ್ದು ಎಪ್ಪತ್ತೆರಡರ ಚಳಿಗಾಲದ ಒಂದು ರವಿವಾರ, ಬೆಳಿಗ್ಗೆ ಏಳಕ್ಕೆ. ನಾನು ಆಗ ಕನ್ನಡ ಶಾಲೆಯ ಮಾಸ್ತರ. ಹೆಂಡತಿ ಸುನಂದಾಳಿಗೆ ಐದು ತಿಂಗಳು. ಹದಿನೈದು ದಿನಗಳಿಂದ ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದಳು. ತಿಂದ ಎರಡು ತುತ್ತೂ ದಕ್ಕುತ್ತಿರಲಿಲ್ಲ. ತೂಕ ಇಳಿದದ್ದು ನೋಡಿ ಡಾಕ್ಟರು ನನ್ನನ್ನೇ ಬೈದರು, ಅವಳ ತವರು ಧಾರವಾಡಕ್ಕೆ ರೈಲು ಪ್ರಯಾಣವನ್ನೂ ಬೇಡವೆಂದರು. ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ: ಸೀತನಿ. ಹಾಲುಗಾಳಿನ ಜೋಳದ ತೆನೆಯನ್ನು ಹೊಲದಲ್ಲೇ ಕೆಂಡದಲ್ಲಿ ಸುಟ್ಟು, ತಿಕ್ಕಿ ಉದುರಿಸಿ, ಬಿಸಿಬಿಸಿಯಾಗಿ ತಿನ್ನುವ ಆ ಸುಖ ಮುಂಬಯಿಯಲ್ಲಿ ಎಲ್ಲಿಂದ ಬರಬೇಕು? ಬೈಕುಲ್ಲಾದ ಸಗಟು ಪೇಟೆಯನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬಂದಿದ್ದೆ.

ದಾರಿ ತೋರಿಸಿದವನು ನಮ್ಮ ಬಿಲ್ಡಿಂಗಿನ ಶಿವಪ್ಪ, ವಿಜಾಪುರ ಕಡೆಯ ಟ್ಯಾಕ್ಸಿ ಡ್ರೈವರ್.

"ದಹಿಸರ್ ದಾಟಿದ ಮ್ಯಾಲೆ ಜ್ವಾಳದ ಹೊಲಾ ಕಣ್ಣಾರೆ ನೋಡೇನ್ರಿ ಮಾಸ್ತರ. ನಡೀರಿ, ತಂಗೀನ ಕರ್ಕೊಂಡು ಹೋಗೂಣು."

ಅಂದು ಅವನು ಬಾಡಿಗೆಯ ಮಾತೇ ಬೇಡವೆಂದು ಮೀಟರಿಗೆ ಟವೆಲ್ ಸುತ್ತಿದ. ಸುನಂದಾ ಶೇಂಗಾ ಚಟ್ನಿ, ಬೆಲ್ಲ, ಗಟ್ಟಿ ಮೊಸರು ಕಟ್ಟಿಕೊಂಡಳು. ಸೀತನಿಯೊಂದನ್ನು ಬಿಟ್ಟು ಸೀತನಿಯ ಸರಂಜಾಮೆಲ್ಲ ಸಿದ್ಧ!

ಬಸುರಿಯ ಹೊಟ್ಟೆಯ ನೀರು ಅಲುಗಬಾರದೆಂದು ಶಿವಪ್ಪ ಟ್ಯಾಕ್ಸಿಯನ್ನು ಎತ್ತಿನ ಬಂಡಿಯ ಹಾಗೆ ಓಡಿಸಿದ. ಬಾಂದ್ರಾದಲ್ಲಿ ಹಾಲಿನವನೊಬ್ಬ ಸೈಕಲ್ಲಿನ ಮೇಲೆಯೇ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕ. ಅಂಧೇರಿಯಲ್ಲಿ ಚಹಾ ಕುಡಿದೆವು. ಮೂವತ್ತು ಕಿಲೋಮೀಟರಿಗೆ ಸುಮಾರು ಮೂರು ತಾಸು. ಬೋರಿವಲಿ ದಾಟಿದ್ದೇ ಬಿಲ್ಡಿಂಗುಗಳು ಹಿಂದುಳಿದು, ಕೊಯ್ಲಾದ ಭತ್ತದ ಗದ್ದೆ, ತಾಳೆಮರ, ಉಪ್ಪುಗಾಳಿ ಶುರುವಾದವು. ಮುಂಬಯಿ ಇಷ್ಟು ಹತ್ತಿರದಲ್ಲೇ ಮುಗಿಯುತ್ತದೆಂದು ನನಗೆ ಗೊತ್ತಿರಲಿಲ್ಲ.

ಹೊಲವೇನೋ ಸಿಕ್ಕಿತು. ಜೋಳವೇ ಹೌದು. ಆದರೆ ತಬೇಲಾದ ಎಮ್ಮೆಗಳಿಗೆಂದು ಒತ್ತಾಗಿ ಬಿತ್ತಿದ ಮೇವು; ತೆನೆ ಬರುವ ಮೊದಲೇ ಕೊಯ್ಯುತ್ತಾರಂತೆ. ಶಿವಪ್ಪ ಒಳಗೆಲ್ಲ ನುಗ್ಗಿ ಹುಡುಕಿ, ತಲೆ ಕೆರೆದುಕೊಳ್ಳುತ್ತ ಹೊರಬಂದ.

"ಟ್ಯಾಕ್ಸಿ ಹೊಡದು ಹೊಡದು ಒಕ್ಕಲತನಾನ ಮರ್ತೇನಿ ನೋಡ್ರಿ."

ಸುನಂದಾ ಚಟ್ನಿ ಡಬ್ಬಿ ಮಡಿಲಲ್ಲಿಟ್ಟುಕೊಂಡು ಬದುವಿನ ಮೇಲೆ ಕುಳಿತಳು.

"ಕಾಯ್ ಗ ಪೋರಿ, ಡೋಹಾಳೆ ಲಾಗ್ಲೇತ್ ಕಾ?" ಬಯಕೆಯೇನೇ ಹುಡುಗಿ ಎಂದು ಪಕ್ಕದ ಹೊಲದ ಅಜ್ಜಿ ಮರಾಠಿಯಲ್ಲಿ ಕೇಳಿದಳು. ಅಲಿಬಾಗ್ ಕಡೆಯವಳು. ಉತ್ತರಕ್ಕೂ ಕಾಯದೆ ತನ್ನ ಹೊಲದ ಅವರೆಕಾಯಿಯನ್ನು ಉಪ್ಪು, ಓಮಕಾಳಿನೊಡನೆ ಮಡಕೆಗೆ ತುಂಬಿ, ಬಾಯಿಗೆ ಸೊಪ್ಪು ತುರುಕಿ, ಬೋರಲು ಹಾಕಿ ಸುತ್ತ ಬೆಂಕಿ ಹಚ್ಚಿದಳು. ಅರ್ಧ ಗಂಟೆಯ ಮೇಲೆ ಮಡಕೆ ಎತ್ತಿದಾಗ ಎದ್ದ ಘಮಕ್ಕೆ ಶಿವಪ್ಪ ಮೂಗರಳಿಸಿ ಹತ್ತಿರ ಸರಿದ.

ಸುನಂದಾ ಒಂದು ಕಾಯಿ ಬಿಡಿಸಿ ಬಾಯಿಗಿಟ್ಟಳು. "ಸೀತನಿ ಅಲ್ಲ ಬಿಡ್ರಿ" ಎಂದಳು. ಇನ್ನೊಂದು ಬಿಡಿಸಿದಳು. ಆಮೇಲೆ ಚಟ್ನಿ ಡಬ್ಬಿ ತೆರೆದಳು. ಸಿಪ್ಪೆಯ ರಾಶಿ ಏರುತ್ತ ಹೋಯಿತು. ನಾವಿಬ್ಬರೂ ಕಾಯಿ ಮುಟ್ಟದೆ ಅವಳ ಕೈಯನ್ನೇ ನೋಡುತ್ತ ಕುಳಿತೆವು. ಅಜ್ಜಿ ಚಟ್ನಿಯ ರುಚಿ ನೋಡಿದವಳು ಡಬ್ಬಿಯನ್ನು ಮರಳಿ ಕೊಡಲೇ ಇಲ್ಲ.

ಹೊತ್ತು ಇಳಿದ ಮೇಲೆ ಹೊರಟೆವು. ಸುನಂದಾ ಹಿಂದಿನ ಸೀಟಿನಲ್ಲಿ ನಿದ್ದೆಹೋದಳು. ಇಷ್ಟು ತಿಂದದ್ದು ದಕ್ಕೀತೇ ಎಂಬ ಹೆದರಿಕೆಯಲ್ಲಿ ನಾನು ರಸ್ತೆಯ ಪ್ರತಿ ಗುಂಡಿಗೂ ಹಿಂದೆ ತಿರುಗಿ ನೋಡುತ್ತಿದ್ದೆ. ಬಾಂದ್ರಾದ ಸಿಗ್ನಲ್ಲಿನಲ್ಲಿ ನಿಂತಾಗ ಅವಳು ಕಣ್ಣು ತೆರೆದಳು.

"ಏನ್ರೀ, ಹೊಟ್ಟಿ ಹಸದೈತಿ. ಲಗೂನ ಮನಿಗೆ ನಡೀರಿ, ಅನ್ನಾ ಸಾರು ಉಣಬೇಕನಸ್ತೈತಿ."

ಸಿಗ್ನಲ್ ಹಸಿರಾಯಿತು. ಹಿಂದಿನವರೆಲ್ಲ ಹಾರ್ನ್ ಬಾರಿಸತೊಡಗಿದರು. ಶಿವಪ್ಪ ಸ್ಟೇರಿಂಗ್ ಬಿಟ್ಟು, ಪೂರ್ತಿ ಹಿಂದೆ ತಿರುಗಿ, "ಇನ್ನೊಮ್ಮೆ ಹೇಳವಾ ತಂಗಿ" ಎಂದ.