ಮಾಯಪ್ಪ ಡಾಕ್ಟರಿಗೆ ಹೇಳದೆ ಮುಚ್ಚಿಟ್ಟದ್ದು

ಹಿಡಕಲ್ ಕಾಲುವೆಗೆ ನೀರು ಬಿಡುವ ನೌಕರಿ ಮಾಡಿ ನಿವೃತ್ತನಾದ ಮಾಯಪ್ಪನಿಗೆ, ಆ ನೀರು ತನ್ನಪ್ಪನ ಆಸ್ತಿ ಎಂಬ ಭ್ರಮೆ ಇವತ್ತಿಗೂ ಹೋಗಿಲ್ಲ. ರೈತರು ಗೇಟಿನ ಮುಂದೆ ಕೈಮುಗಿದು ನಿಂತದ್ದನ್ನು ಅವನು ತನಗೆ ಸಂದ ಗೌರವ ಎಂದೇ ತಿಳಿದಿದ್ದ. ಎಪ್ಪತ್ತು ದಾಟಿ ಎರಡೂ ಕಿವಿ ಮಂದವಾದಾಗ ಮಗಳು ಕಾಜಲ್ ಕಿವಿಯ ಮಷೀನು ತಂದುಕೊಟ್ಟಳು. ಅದು ಮುದುಕರು ಹಾಕಿಕೊಳ್ಳುವಂಥದ್ದು ಎಂದು ಟ್ರಂಕಿನೊಳಗೆ ಒಗೆದ. ಯಾರು ಏನು ಕೇಳಿದರೂ ದೊಡ್ಡಸ್ತಿಕೆಯಿಂದ ತಲೆಯಾಡಿಸುತ್ತಿದ್ದ. ಕೇಳಿಸದ ಮಾತಿಗೆ ಒಪ್ಪಿಗೆ ಕೊಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಮೊಣಕಾಲು ಸವೆದು ನಡೆಯಲಾರದಾದಾಗ, ಗೋಕಾಕದ ಒಂದು ದವಾಖಾನೆಯಲ್ಲಿ ಬಲಗಾಲಿನ ಕೀಲು ಬದಲಿಸುವುದೆಂದಾಯಿತು. ಆಪರೇಷನ್ನಿಗೆ ಮೊದಲು ಡಾಕ್ಟರ್ ದ್ರಾಕ್ಷಾಯಿಣಿ ಕುಡಿತ, ಗುಳಿಗೆ, ಮರೆವು ಎಲ್ಲ ವಿಚಾರಿಸಿದರು. ಚಹಾ ಬಿಟ್ಟರೆ ಏನೂ ಮುಟ್ಟುವುದಿಲ್ಲ ಅಂದ ಮಾಯಪ್ಪ, ಕೇಳಿಸದ ಉಳಿದದ್ದಕ್ಕೆಲ್ಲ ತಲೆಯಾಡಿಸಿದ. ದಿನಾ ಸಂಜೆ ತಮ್ಮ ಸಿದ್ರಾಯನ ಜೋಡಿ ಬಾಟಲಿ ತೆರೆಯುವವನು. ಮಲಗುವಾಗ ಸಂಕೇಶ್ವರದಿಂದ ಡಾಕ್ಟರ ಚೀಟಿಯಿಲ್ಲದೆ ತರಿಸಿದ ನಿದ್ದೆಗುಳಿಗೆ ನುಂಗುವವನು. ಹೆಂಡತಿ ಶೆಟ್ಟೆವ್ವ ಬಾಯಿ ತೆರೆದಳು. ಅವನು ಕಣ್ಣು ಕೆಕ್ಕರಿಸಿದ, ಅವಳು ತೆರೆದ ಬಾಯಿಗೆ ಸೆರಗು ಹಿಡಿದಳು. ಸಿದ್ರಾಯನಂತೂ ಗೋಡೆಯ ಮೇಲಿದ್ದ ಎಲುಬಿನ ಚಿತ್ರವನ್ನು ಭಕ್ತಿಯಿಂದ ನೋಡುತ್ತ ನಿಂತ.

ಆಪರೇಷನ್ ಸುಸೂತ್ರ ಆಯಿತು. ಆಮೇಲೆ ಮಾಯಪ್ಪ ನೀರು ಕುಡಿಯಲೊಲ್ಲ. ಮೂತ್ರಕ್ಕೆ ನರ್ಸು ಪಾತ್ರೆ ಹಿಡಿಯಬೇಕಾಗುತ್ತದಲ್ಲ, ಸಾಹೇಬರ ಮಾನ ಹೋಗುತ್ತದೆ. ಕಣ್ಣು ಮಂಜಾಗಿದ್ದರೂ ಹಾಕಿಕೊಳ್ಳದೆ ಚಷ್ಮಾ ಚೀಲದಲ್ಲೇ ಉಳಿಯಿತು.

ಎರಡನೆಯ ದಿನ ಮಧ್ಯಾಹ್ನ ಅವನ ಕೈಗಳು ನಡುಗಿದವು, ಮೈ ಬೆವೆತಿತು. ವಾರ್ಡು ಅವನಿಗೆ ಕಾಲುವೆಯಾಗಿ ಕಂಡಿತು. ಸಲೈನಿನ ಸೂಜಿ ಕಿತ್ತು, ಗೇಟು ಇಳಿಸು ಎಂದು ನರ್ಸಿಗೆ ಹುಕುಂ ಮಾಡಿದ. ಇಷ್ಟು ವರ್ಷ ಬಾಳ್ವೆ ಮಾಡಿದ ಶೆಟ್ಟೆವ್ವನನ್ನು ಗುರುತಿಸದೆ ನೀರುಗಳ್ಳಿ ಎಂದು ಬೈದ. ಡ್ಯಾಮಿನಲ್ಲಿ ಬಿದ್ದು ಸತ್ತವರ ಪಿಶಾಚಿ ಬಡಿದಿದೆ ಎಂದು ಸಿದ್ರಾಯ ತೀರ್ಮಾನ ಕೊಟ್ಟು ದೇವರ ಗುಡಿಯ ಅರಿಶಿನದ ಭಂಡಾರ ತರಲು ಹೊರಟ. ಅಣ್ಣನ ಕುಡಿತ ಹೇಳಿದರೆ ತನ್ನದೂ ಹೊರಬೀಳುತ್ತಿತ್ತು. ದೆವ್ವದ ಮೇಲೆ ಹಾಕುವುದು ಸಲೀಸು.

ಶೆಟ್ಟೆವ್ವ ಅವನ ದಾರಿ ನೋಡಲಿಲ್ಲ. ನೇರ ಡಾಕ್ಟರ ಬಳಿ ಹೋದಳು.

"ಬಾಯಾರ, ನಮ್ಮನಿಯವ್ರು ಖರೆ ಹೇಳಿಲ್ರಿ. ದಿನಾ ಕುಡೀತಾರ, ನಿದ್ದಿ ಗುಳಗಿ ನುಂಗತಾರ. ನೀವು ಕೇಳಿದ್ದು ಅರ್ಧ ಅವರಿಗೆ ಕೇಳಿಸಿಲ್ಲ."

"ಇದು ಹುಚ್ಚಲ್ಲವ್ವ, ದೆವ್ವಾನೂ ಅಲ್ಲ," ಅಂದರು ಡಾಕ್ಟರು. "ತಲಿ ಗೊಂದಲ ಆಗೈತಿ. ಇಳೀತೈತಿ."

ವಯಸ್ಸು, ಆಪರೇಷನ್ನಿನ ನೋವು, ಒಮ್ಮೆಲೇ ನಿಂತ ಕುಡಿತ ಮತ್ತು ಗುಳಿಗೆ, ನೀರಿಲ್ಲದೆ ಒಣಗಿದ ಮೈ, ಮುಚ್ಚಿದ ಕಿವಿ, ಮಂಜಾದ ಕಣ್ಣು, ಎಲ್ಲ ಕೂಡಿ ಹೀಗಾಗುತ್ತದೆ ಎಂದು ವಿವರಿಸಿದರು. ಮೊದಲೇ ಗೊತ್ತಿದ್ದರೆ ತಯಾರಿ ಮಾಡಿಕೊಳ್ಳಬಹುದಿತ್ತು. ಕಿವುಡನ ತಲೆಯಾಟ ನಂಬಿ ಮನೆಯವರನ್ನು ಬೇರೆಯಾಗಿ ಕೇಳದೆ ಇದ್ದದ್ದು ತಮ್ಮ ತಪ್ಪು ಎಂದೂ ಅಂದರು. ಅಷ್ಟಾದರೂ ಅಂದರಲ್ಲ.

ಔಷಧ ಬದಲಾಯಿತು. ಕಾಜಲ್ ಹುಕ್ಕೇರಿಯ ಮನೆಯ ಟ್ರಂಕಿನಿಂದ ಮಷೀನು ತಂದಳು. ಶೆಟ್ಟೆವ್ವ ಅವನ ಮೂಗಿನ ಮೇಲೆ ಚಷ್ಮಾ ಏರಿಸಿ, ಗುಟುಕು ಗುಟುಕಾಗಿ ನೀರು ಕುಡಿಸುತ್ತ, ಇದು ದವಾಖಾನಿ, ನಾನು ಶೆಟ್ಟೆವ್ವ ಎಂದು ಹೇಳುತ್ತಲೇ ಕೂತಳು. ಸಿದ್ರಾಯ ತಂದ ಭಂಡಾರವನ್ನು ನರ್ಸು ಬಾಗಿಲಲ್ಲೇ ತಡೆದಳು. ವಾರದೊಳಗೆ ಮಾಯಪ್ಪನಿಗೆ ಗುರುತು ಹತ್ತಿತು. ಗುರುತು ಹತ್ತಿದ ಕೂಡಲೇ ಅವನು ಮಾಡಿದ ಮೊದಲ ಕೆಲಸ, ಚಹಾ ಆರಿದೆ ಎಂದು ಹೆಂಡತಿಗೆ ಬೈದದ್ದು.

ಮನೆಗೆ ಬಂದ ಮೇಲೆ ಮೂಡಲಗಿಯಿಂದ ಬೀಗರು ನೋಡಲು ಬಂದರು. ಮಾಯಪ್ಪ ದಿಂಬಿಗೆ ಒರಗಿ, ಡಾಕ್ಟರು ತಪ್ಪು ಇಂಜೆಕ್ಷನ್ ಚುಚ್ಚಿ ತನ್ನನ್ನು ಕೊಲ್ಲುತ್ತಿದ್ದರು, ತನ್ನ ಗಟ್ಟಿ ಜೀವ ತಡೆಯಿತು ಎಂದು ಶುರು ಮಾಡಿದ. ಸಿದ್ರಾಯ ಹೌದೌದು ಅನ್ನುತ್ತಿದ್ದ. ಶೆಟ್ಟೆವ್ವ ಚಹಾದ ತಾಟು ಕೆಳಗಿಟ್ಟಳು.

"ಇಂಜೆಕ್ಷನ್ ಅಲ್ರಿ. ಹೇಳಿದ ಸುಳ್ಳು ತಲಿಗೇರಿತ್ತು," ಅಂದಳು. ಬಾಟಲಿ, ಗುಳಿಗೆ, ಒಂದೂ ಬಿಡದೆ ಎಲ್ಲ ಹೇಳಿದಳು.

ಬೀಗರು ತಲೆ ತಗ್ಗಿಸಿ ಚಹಾ ಕುಡಿದು ಎದ್ದರು. ಸಿದ್ರಾಯನಿಗೆ ಒಮ್ಮೆಲೇ ಹೊಲದ ಕೆಲಸ ನೆನಪಾಯಿತು. ಮಾಯಪ್ಪ ಎಷ್ಟೋ ದಿನ ಹೆಂಡತಿಯ ಜೋಡಿ ಮಾತಾಡಲಿಲ್ಲ. ಅದರಿಂದ ಅವಳಿಗೇನೂ ನಷ್ಟವಾಗಲಿಲ್ಲ.